ಮನೆಯ ಖಾಗೀನಾ: ಎಣ್ಣೆ ಅಳೆಯಿರಿ, ಮೊಟ್ಟೆ ಹಂಚಿರಿ

ರಕ್ತ ಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್ ಸ್ವಲ್ಪ ಏರಿದೆ ಎಂದು ಕಂಡ ದಿನವೇ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಮೊಟ್ಟೆ. ಚಹಾದಲ್ಲಿ ಅದ್ದಿ ತಿನ್ನುವ ಖಾರಿ ನಿಲ್ಲುವುದಿಲ್ಲ. ಎಣ್ಣೆ ಸುರಿದು ಬೇಯಿಸಿದ ಪರಾಠ ನಿಲ್ಲುವುದಿಲ್ಲ. ಸಂಜೆಯ ಸಮೋಸವೂ ಮುಂದುವರಿಯುತ್ತದೆ. "ಡಾಕ್ಟ್ರೇ, ಮೊಟ್ಟೆ ಬಿಟ್ಟು ಮೂರು ತಿಂಗಳಾಯಿತು, ಆದರೂ ಕೊಲೆಸ್ಟರಾಲ್ ಇಳಿದಿಲ್ಲ" ಎನ್ನುವ ಮಾತನ್ನು ದವಾಖಾನೆಯಲ್ಲಿ ನಾನು ಮತ್ತೆ ಮತ್ತೆ ಕೇಳುತ್ತೇನೆ. ಹೀಗೆ ಹೇಳುವವರಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. ಕುರ್ಚಿಯಿಂದ ಏಳಲು ಕೈ ಊರಬೇಕಾದಷ್ಟು ಅವರ ಕಾಲಿನ ಸ್ನಾಯುಗಳು ಸೊರಗಿರುತ್ತವೆ. ಆ ವಯಸ್ಸಿನಲ್ಲಿ ಸುಲಭವಾಗಿ ಜೀರ್ಣವಾಗುವ, ಅಗ್ಗದ ಬೆಲೆಗೆ ಸಿಗುವ ಒಂದು ಒಳ್ಳೆಯ ಆಹಾರವನ್ನು ಅವರು ಭಯದಿಂದ ಬಿಟ್ಟಿರುತ್ತಾರೆ.

ಮೊಟ್ಟೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇರುವುದು ಬಾಣಲೆಯಲ್ಲಿ. ಎಷ್ಟು ಎಣ್ಣೆ ಹಾಕಿದಿರಿ, ಎಷ್ಟು ಹೊತ್ತು ಹುರಿದಿರಿ, ಜೊತೆಗೆ ಏನು ತಿಂದಿರಿ ಎಂಬುದೇ ಮುಖ್ಯ. ಉಳಿದರ್ಧ ಉತ್ತರ ಇರುವುದು ದಸ್ತರ್‌ಖಾನ್‌ನಲ್ಲಿ. ಮನೆಯಲ್ಲಿ ಆ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ, ಯಾರ ತಟ್ಟೆಗೆ ಹೋಗುವುದಿಲ್ಲ ಎಂಬುದನ್ನೂ ನೋಡಬೇಕು. ನಮ್ಮ ಮನೆಗಳಿಗೆ ಚಿರಪರಿಚಿತವಾದ ಖಾಗೀನಾವನ್ನೇ ಮುಂದಿಟ್ಟುಕೊಂಡು ಈ ಎರಡನ್ನೂ ವಿವರಿಸುತ್ತೇನೆ.

ಖಾಗೀನಾ ಎಂದರೇನು?

ಕಲಬುರಗಿ, ಬೀದರ್, ವಿಜಯಪುರ, ರಾಯಚೂರು ಕಡೆಯ ದಖ್ಖನಿ ಮನೆಗಳಿಗೆ ಖಾಗೀನಾದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರಾವಳಿ ಮತ್ತು ಮಲೆನಾಡಿನ ಓದುಗರಿಗಾಗಿ ಹೇಳುವುದಾದರೆ, ಇದು ಎಗ್ ಬುರ್ಜಿಯ ಹತ್ತಿರದ ಸಂಬಂಧಿ. ಬುರ್ಜಿಯಲ್ಲಿ ಮೊಟ್ಟೆಯನ್ನು ಪುಡಿಪುಡಿಯಾಗುವವರೆಗೆ ಕೆದಕಿ ಹುರಿಯುತ್ತಾರೆ. ಖಾಗೀನಾದಲ್ಲಿ ಈರುಳ್ಳಿ ಧಾರಾಳವಾಗಿರುತ್ತದೆ. ಮಸಾಲೆ ಚೆನ್ನಾಗಿ ಬೆಂದ ಮೇಲೆ ಮೊಟ್ಟೆಯನ್ನು ಅದರ ಮೇಲೆ ಸುರಿದು, ಮುಚ್ಚಳ ಮುಚ್ಚಿ, ಮೆತ್ತನೆಯ ದೊಡ್ಡ ತುಂಡುಗಳಾಗಿ ಉಳಿಯುವಂತೆ ಮಗುಚುತ್ತಾರೆ. ರೊಟ್ಟಿಯ ಜೊತೆಗೂ ಸರಿ, ಬೆಳಗಿನ ಖಿಚಡಿಯ ಜೊತೆಗೂ ಸರಿ.

ಹೆಸರು ಪಾರ್ಸಿ ಭಾಷೆಯದ್ದು, ಮೊಟ್ಟೆ ಎಂಬ ಅರ್ಥದ ಹಳೆಯ ಪದದಿಂದ ಬಂದದ್ದು. ಇರಾನಿನ ತಬ್ರೀಜ್ ಕಡೆ ಇದೇ ಹೆಸರಿನಲ್ಲಿ ಸಕ್ಕರೆ ಪಾಕ ಹಾಕಿದ ಸಿಹಿ ತಿನಿಸು ಮಾಡುತ್ತಾರೆ. ದಖ್ಖನಿನ ಅಡುಗೆಮನೆಯಲ್ಲಿ ಅದೇ ಹೆಸರು ಈರುಳ್ಳಿ, ಹಸಿಮೆಣಸು, ಅರಿಶಿನ ಸೇರಿದ ಖಾರದ ಖಾದ್ಯಕ್ಕೆ ನಿಂತಿದೆ.

ಯುನಾನಿ ಏನು ಹೇಳುತ್ತದೆ?

ಯುನಾನಿ ವೈದ್ಯ ಪದ್ಧತಿಯಲ್ಲಿ ಔಷಧಕ್ಕಿಂತ ಮೊದಲು ಆಹಾರ ಬರುತ್ತದೆ. ಇದನ್ನು ಇಲಾಜ್ ಬಿಲ್ ಗಿಝಾ, ಅಂದರೆ ಆಹಾರದಿಂದ ಚಿಕಿತ್ಸೆ ಎನ್ನುತ್ತೇವೆ. ಕಾಯಿಲೆಯಿಂದ ಎದ್ದು ಕೃಶರಾದವರಿಗೆ ನಮ್ಮ ಗ್ರಂಥಗಳು ಸೂಚಿಸುವ ಆಹಾರಗಳಲ್ಲಿ ಮೊಟ್ಟೆಗೆ ದೊಡ್ಡ ಸ್ಥಾನವಿದೆ. ಹನ್ನೊಂದನೇ ಶತಮಾನದ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಕೋಳಿಯ ತಾಜಾ ಮೊಟ್ಟೆಗೆ, ಅದರಲ್ಲೂ ಹಳದಿ ಭಾಗಕ್ಕೆ ಪ್ರಾಶಸ್ತ್ಯ ಕೊಟ್ಟಿದ್ದಾರೆ. ಹಳದಿಯನ್ನು ಬಿಸಿ ಮತ್ತು ತೇವ ಗುಣದ್ದೆಂದೂ, ಬಿಳಿಯನ್ನು ತಂಪು ಮತ್ತು ತೇವ ಗುಣದ್ದೆಂದೂ ಯುನಾನಿಯಲ್ಲಿ ವಿಂಗಡಿಸುತ್ತೇವೆ.

ಇಲ್ಲಿ ಮುಖ್ಯವಾದದ್ದು ಬೇಯಿಸುವ ಬಗೆ. ಗ್ರಂಥಗಳು ಮೇಲಿಡುವುದು ನೀಮ್‌ಬಿರಿಷ್ತ್ ಅನ್ನು, ಅಂದರೆ ಹಳದಿ ಇನ್ನೂ ಮೆತ್ತಗಿರುವಂತೆ ಅರ್ಧ ಬೇಯಿಸಿದ ಮೊಟ್ಟೆಯನ್ನು. ಗಟ್ಟಿಯಾಗಿ ಬೇಯಿಸಿದ್ದು ಜೀರ್ಣವಾಗಲು ತಡ. ಎಣ್ಣೆಯಲ್ಲಿ ಕೆಂಪಗೆ ಕರಿದದ್ದು ಇನ್ನೂ ಭಾರ. ಸಾವಿರ ವರ್ಷಗಳ ಹಿಂದೆಯೇ ವೈದ್ಯರು ಒಂದೇ ಮೊಟ್ಟೆಯನ್ನು ಬೇಯಿಸುವ ರೀತಿಯ ಮೇಲೆ ಬೇರೆ ಬೇರೆ ಆಹಾರವೆಂದು ಎಣಿಸಿದ್ದರು ಎಂಬುದನ್ನು ಗಮನಿಸಿ.

ಇನ್ನೊಂದು ಪದ ನಿಮಗೆ ಗೊತ್ತಿರಲಿ: ಮುಸ್ಲಿಹ್. ಒಂದು ಆಹಾರದ ದೋಷವನ್ನು ಸರಿಪಡಿಸಲು ಜೊತೆಗೆ ಸೇರಿಸುವ ಪದಾರ್ಥಕ್ಕೆ ಈ ಹೆಸರು. ಖಾಗೀನಾಕ್ಕೆ ಬೀಳುವ ಶುಂಠಿ, ಜೀರಿಗೆ, ಕಾಳುಮೆಣಸು ಇವೆಲ್ಲ ಜೀರ್ಣಕ್ಕೆ ನೆರವಾಗುವ, ಹೊಟ್ಟೆಯುಬ್ಬರ ಕಡಿಮೆ ಮಾಡುವ ಪದಾರ್ಥಗಳೆಂದು ಯುನಾನಿ ಪರಿಗಣಿಸುತ್ತದೆ. "ಮೊಟ್ಟೆ ತಿಂದರೆ ಗ್ಯಾಸ್" ಎನ್ನುವವರು ಒಮ್ಮೆ ಎಣ್ಣೆ ಕಡಿಮೆ ಮಾಡಿ, ಶುಂಠಿ ಮತ್ತು ಜೀರಿಗೆ ಹಾಕಿ ನೋಡಲಿ. ಬಹಳಷ್ಟು ಜನರ ದೂರು ಅಲ್ಲಿಗೇ ಮುಗಿಯುತ್ತದೆ.

ಬೇಸಿಗೆಯಲ್ಲಿ ಮೊಟ್ಟೆ ಉಷ್ಣ, ಬಸುರಿ ಹೆಂಗಸರು ತಿನ್ನಬಾರದು ಎಂಬ ಮಾತೂ ನಮ್ಮಲ್ಲಿದೆ. ಬಿಸಿ ಗುಣ ಎಂದರೆ ನಿಷಿದ್ಧ ಎಂದರ್ಥವಲ್ಲ. ಪ್ರಮಾಣ ಮಿತವಾಗಿರಲಿ, ಖಾರ ಮತ್ತು ಎಣ್ಣೆ ಕಡಿಮೆಯಿರಲಿ, ಜೊತೆಗೆ ಸೌತೆಕಾಯಿ ಅಥವಾ ಮೊಸರು ಇರಲಿ ಎಂದರ್ಥ. ಗರ್ಭಿಣಿಗೆ ಪ್ರೊಟೀನ್, ಬಿ12 ಮತ್ತು ಕೋಲೀನ್ ಬೇಕಾಗುವ ಕಾಲದಲ್ಲೇ ಮೊಟ್ಟೆ ತಪ್ಪಿಸುವುದು ಸರಿಯಲ್ಲ.

ಲೆಕ್ಕ ಹಾಕಿ ನೋಡೋಣ

ಒಂದು ಸಾಮಾನ್ಯ ಗಾತ್ರದ ಮೊಟ್ಟೆಯಲ್ಲಿ ಸುಮಾರು 70 ಕ್ಯಾಲೊರಿ, 6 ಗ್ರಾಂ ಪ್ರೊಟೀನ್, 5 ಗ್ರಾಂ ಕೊಬ್ಬು ಇರುತ್ತದೆ. ಆ ಕೊಬ್ಬಿನಲ್ಲಿ ರಕ್ತದ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಮಾತ್ರ. ಕೊಲೆಸ್ಟರಾಲ್ ಇರುವುದು ಹಳದಿಯಲ್ಲಿ, ಸುಮಾರು 190 ಮಿಲಿಗ್ರಾಂ. ಆದರೆ ನಮ್ಮ ರಕ್ತದಲ್ಲಿರುವ ಕೊಲೆಸ್ಟರಾಲ್‌ನ ದೊಡ್ಡ ಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ಹೆಚ್ಚು ತಯಾರಾಗುವಂತೆ ಮಾಡುವುದರಲ್ಲಿ ತುಪ್ಪ, ವನಸ್ಪತಿ, ಕೊಬ್ಬಿನ ಮಾಂಸ, ಬೇಕರಿ ತಿಂಡಿಗಳ ಪಾತ್ರ ಹಳದಿಗಿಂತ ದೊಡ್ಡದು. ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇದೆ. ಅಂದರೆ ಐದು ಮೊಟ್ಟೆಯಷ್ಟು!

ಇನ್ನು ಎಣ್ಣೆ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಎಣ್ಣೆಗೆ ಸುಮಾರು 120 ಕ್ಯಾಲೊರಿ. ನಾಲ್ಕು ಮೊಟ್ಟೆಯ ಖಾಗೀನಾಕ್ಕೆ ಡಬ್ಬಿಯಿಂದ ನೇರವಾಗಿ ಸುರಿದರೆ ಐದಾರು ಚಮಚ ಬೀಳುವುದು ಗೊತ್ತೇ ಆಗುವುದಿಲ್ಲ. ಆರು ಚಮಚ ಎಂದರೆ 720 ಕ್ಯಾಲೊರಿ. ನಾಲ್ಕು ಮೊಟ್ಟೆಗಳದ್ದು ಒಟ್ಟು 280. ತಟ್ಟೆಯಲ್ಲಿರುವುದು ಹೆಸರಿಗೆ ಮೊಟ್ಟೆಯ ಖಾದ್ಯ, ಲೆಕ್ಕದಲ್ಲಿ ಎಣ್ಣೆಯ ಖಾದ್ಯ. ಜೊತೆಗೆ ಎರಡು ಎಣ್ಣೆ ಪರಾಠ ಸೇರಿದರೆ ತೂಕ ಏರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ಅಪವಾದ ಮಾತ್ರ ಮೊಟ್ಟೆಗೆ.

2015–2020ರ ಅಮೆರಿಕದ ಸರಕಾರಿ ಆಹಾರ ಮಾರ್ಗಸೂಚಿಯಿಂದ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು ಕೈಬಿಡಲಾಯಿತು. 2019ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆರೋಗ್ಯವಂತರು ದಿನಕ್ಕೊಂದು ಇಡೀ ಮೊಟ್ಟೆ ತಿನ್ನಬಹುದು ಎಂದಿತು. ಹಾಗೆಂದು ಎಲ್ಲರಿಗೂ ಲೆಕ್ಕವಿಲ್ಲದಷ್ಟು ತಿನ್ನಲು ಪರವಾನಗಿ ಸಿಕ್ಕಿದೆ ಎಂದು ತಿಳಿಯಬೇಡಿ. ಯಾರಿಗೆ ಎಷ್ಟು ಎಂಬುದನ್ನು ಮುಂದೆ ಹೇಳಿದ್ದೇನೆ.

ನಾಲ್ಕು ಜನರಿಗೆ ಖಾಗೀನಾ

ಬೇಕಾಗುವ ಸಾಮಾನು:
ಮೊಟ್ಟೆ – 4
ಈರುಳ್ಳಿ (ನೀರುಳ್ಳಿ) – ಮಧ್ಯಮ ಗಾತ್ರದ 3
ಟೊಮೆಟೊ – 2
ಮೆಂತ್ಯ ಸೊಪ್ಪು – ಬಿಡಿಸಿ, ತೊಳೆದು ಹೆಚ್ಚಿದ್ದು 1 ಬಟ್ಟಲು
ಹಸಿಮೆಣಸು – 2
ಶುಂಠಿ ಬೆಳ್ಳುಳ್ಳಿ ಪೇಸ್ಟ್ – 1 ಸಣ್ಣ ಚಮಚ
ಜೀರಿಗೆ – ಅರ್ಧ ಸಣ್ಣ ಚಮಚ
ಅರಿಶಿನ – ಕಾಲು ಸಣ್ಣ ಚಮಚ
ಕಾಳುಮೆಣಸಿನ ಪುಡಿ – ಅರ್ಧ ಸಣ್ಣ ಚಮಚ
ಉಪ್ಪು – ಅರ್ಧ ಸಣ್ಣ ಚಮಚ
ಎಣ್ಣೆ – 3 ಸಣ್ಣ ಚಮಚ
ಕೊತ್ತಂಬರಿ ಸೊಪ್ಪು – ಒಂದು ಹಿಡಿ
ನಿಂಬೆಹಣ್ಣು – ಅರ್ಧ

ಮೊದಲು ಈರುಳ್ಳಿಯನ್ನು ಉದ್ದಕ್ಕೆ ತೆಳ್ಳಗೆ ಹೆಚ್ಚಿಕೊಳ್ಳಿ. ದಪ್ಪ ತಳದ ಬಾಣಲೆಯನ್ನು ಕಾಯಿಸಿ, ಮೂರು ಸಣ್ಣ ಚಮಚ ಎಣ್ಣೆಯನ್ನು ಅಳೆದು ಹಾಕಿ. ಡಬ್ಬಿಯನ್ನು ಬಗ್ಗಿಸಿ ಸುರಿಯುವ ಅಭ್ಯಾಸ ಬಿಡಬೇಕು. ಎಣ್ಣೆ ಬಿಸಿಯಾದಾಗ ಜೀರಿಗೆ ಸಿಡಿಸಿ, ಈರುಳ್ಳಿ ಮತ್ತು ಹೇಳಿದ ಉಪ್ಪಿನ ಅರ್ಧ ಪಾಲು ಹಾಕಿ.

ಕಡಿಮೆ ಎಣ್ಣೆಯಲ್ಲಿ ಈರುಳ್ಳಿ ಹೇಗೆ ಬೇಯುತ್ತದೆ ಎಂದು ನೀವು ಕೇಳಬಹುದು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ. ಉರಿ ಸಣ್ಣಗೆ ಮಾಡಿ ಮುಚ್ಚಳ ಮುಚ್ಚಿದರೆ ಆ ನೀರಿನ ಹಬೆಯಲ್ಲೇ ಐದಾರು ನಿಮಿಷದಲ್ಲಿ ಮೆತ್ತಗಾಗುತ್ತದೆ. ಆಮೇಲೆ ಮುಚ್ಚಳ ತೆಗೆದು ನಸು ಹೊಂಬಣ್ಣ ಬರುವವರೆಗೆ ಬಾಡಿಸಿ. ತಳ ಹಿಡಿಯುತ್ತಿದೆ ಅನಿಸಿದರೆ ಎಣ್ಣೆ ಹಾಕಬೇಡಿ, ಒಂದು ಚಮಚ ನೀರು ಚಿಮುಕಿಸಿ.

ಈಗ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಮತ್ತು ಹಸಿಮೆಣಸು ಹಾಕಿ, ಹಸಿ ವಾಸನೆ ಹೋಗುವವರೆಗೆ ತಿರುವಿ. ನಂತರ ಅರಿಶಿನ, ಟೊಮೆಟೊ, ಮೆಂತ್ಯ ಸೊಪ್ಪು ಸೇರಿಸಿ, ಟೊಮೆಟೊ ಕರಗಿ ನೀರು ಆರುವವರೆಗೆ ಬೇಯಿಸಿ. ಈ ನೀರು ಆರುವುದು ಮುಖ್ಯ. ಇಲ್ಲವಾದರೆ ಮೊಟ್ಟೆ ನೀರುನೀರಾಗಿ, "ಇನ್ನೂ ಬೆಂದಿಲ್ಲ" ಎಂದು ಹೆಚ್ಚು ಹೊತ್ತು ಹುರಿಯಬೇಕಾಗುತ್ತದೆ.

ಮೊಟ್ಟೆಗಳನ್ನು ಒಂದೊಂದಾಗಿ ಸಣ್ಣ ಬಟ್ಟಲಿಗೆ ಒಡೆದು ನೋಡಿ, ಆಮೇಲೆ ದೊಡ್ಡ ಪಾತ್ರೆಗೆ ಹಾಕಿ. ಉಳಿದ ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ, ಹಳದಿ ಬಿಳಿ ಬೆರೆಯುವಷ್ಟು ಮಾತ್ರ ಕಲಕಿ. ಮಸಾಲೆಯನ್ನು ಬಾಣಲೆಯಲ್ಲಿ ಹರಡಿ, ಅದರ ಮೇಲೆ ಮೊಟ್ಟೆ ಸುರಿಯಿರಿ. ಉರಿ ಸಣ್ಣಗಿರಲಿ. ಮುಚ್ಚಳ ಮುಚ್ಚಿ ಎರಡು ನಿಮಿಷ ಕೈ ಹಾಕಬೇಡಿ. ಅಂಚು ಗಟ್ಟಿಯಾದ ಮೇಲೆ ಸೌಟಿನಿಂದ ದೊಡ್ಡ ದೊಡ್ಡ ತುಂಡುಗಳಾಗಿ ಮಗುಚಿ. ಎಲ್ಲಿಯೂ ದ್ರವ ಉಳಿಯದೆ, ಆದರೆ ತುಂಡುಗಳು ಇನ್ನೂ ಮೆತ್ತಗಿರುವಾಗಲೇ ಒಲೆ ಆರಿಸಿ. ಕಂದು ಬಣ್ಣ ಬರುವವರೆಗೆ ಕಾಯಬೇಡಿ. ಕೊತ್ತಂಬರಿ ಸೊಪ್ಪು ಉದುರಿಸಿ, ಕೊನೆಗೆ ನಿಂಬೆರಸ ಹಿಂಡಿ.

ಕಬ್ಬಿಣದ ಬಾಣಲೆ ಬಳಸುವವರು ಖಾಗೀನಾ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಅದರಲ್ಲೇ ಬಿಟ್ಟರೆ ಬಣ್ಣ ಕಪ್ಪಾಗಿ, ರುಚಿ ಕೆಡುತ್ತದೆ.

ಹೀಗೆ ಮಾಡಿದ ಒಂದು ಪಾಲಿನಲ್ಲಿ ಸುಮಾರು 150 ಕ್ಯಾಲೊರಿ, 8 ಗ್ರಾಂ ಪ್ರೊಟೀನ್ ಸಿಗುತ್ತದೆ. ಉಪ್ಪು ಒಂದು ಗ್ರಾಂಗಿಂತ ಕಡಿಮೆ. ದಿನವಿಡೀ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಇದರ ಜೊತೆ ಉಪ್ಪಿನಕಾಯಿ, ಪಾಪಡ್ ಇಟ್ಟುಕೊಂಡರೆ ಬಾಣಲೆಯಲ್ಲಿ ಉಳಿಸಿದ ಉಪ್ಪು ತಟ್ಟೆಯಲ್ಲಿ ಸೇರಿಕೊಳ್ಳುತ್ತದೆ.

ಜೊತೆಗೆ ಏನಿರಲಿ? ಜೋಳದ ರೊಟ್ಟಿ, ಎಣ್ಣೆಯಿಲ್ಲದ ಚಪಾತಿ, ಅಕ್ಕಿ ರೊಟ್ಟಿ ಯಾವುದಾದರೂ ಸರಿ. ಮೊಟ್ಟೆಯಲ್ಲಿ ನಾರಿನಂಶವೂ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. ಅದಕ್ಕಾಗಿಯೇ ಈರುಳ್ಳಿ, ಟೊಮೆಟೊ, ಸೊಪ್ಪು, ನಿಂಬೆ. ಮೆಂತ್ಯದ ಬದಲು ನುಗ್ಗೆ ಸೊಪ್ಪು, ಪಾಲಕ್ ಕೂಡ ಹೊಂದುತ್ತದೆ.

ಚಹಾವನ್ನು ಮಾತ್ರ ಸ್ವಲ್ಪ ದೂರ ಇಡಿ. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ ನೆರವಾಗುತ್ತದೆ, ಚಹಾ ಅಡ್ಡಿಯಾಗುತ್ತದೆ. ಖಾಗೀನಾ ತಿಂದು ಒಂದು ಗಂಟೆ ಬಿಟ್ಟು ಚಹಾ ಕುಡಿಯಿರಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಬಹಳ ಮುಖ್ಯ.

ಅರ್ಧ ಬೆಂದದ್ದು, ಹಸಿಯದ್ದು

"ಯುನಾನಿಯಲ್ಲಿ ಅರ್ಧ ಬೇಯಿಸಿದ್ದೇ ಒಳ್ಳೆಯದು ಎಂದಿದ್ದೀರಿ, ಈಗ ಪೂರ್ತಿ ಬೇಯಿಸಿ ಎನ್ನುತ್ತೀರಿ" ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ಹಳೆಯ ವೈದ್ಯರು ತಾಜಾ ಮೊಟ್ಟೆ ಎಂದು ಬರೆದಾಗ ಅವರ ಮುಂದಿದ್ದದ್ದು ಮನೆಯಂಗಳದ ಕೋಳಿ ಅಂದು ಬೆಳಗ್ಗೆ ಇಟ್ಟ ಮೊಟ್ಟೆ. ಇಂದು ನಮ್ಮ ಕೈ ಸೇರುವ ಮೊಟ್ಟೆ ಸಾವಿರಾರು ಕೋಳಿಗಳಿರುವ ಫಾರಂನಿಂದ ಹೊರಟು, ಲಾರಿಯಲ್ಲಿ ಪ್ರಯಾಣಿಸಿ, ಅಂಗಡಿಯ ಬಿಸಿಲಿನಲ್ಲಿ ದಿನಗಟ್ಟಲೆ ಕುಳಿತು ಬಂದಿರುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಪ್ಪಿನ ಮೇಲೂ ಇರಬಹುದು, ಕೆಲವೊಮ್ಮೆ ಒಳಗೂ ಇರಬಹುದು. ಅದು ದೇಹ ಹೊಕ್ಕರೆ ಆರು ಗಂಟೆಯಿಂದ ಮೂರು ದಿನಗಳೊಳಗೆ ಜ್ವರ, ಹೊಟ್ಟೆನೋವು, ಭೇದಿ ಆರಂಭವಾಗುತ್ತದೆ. ಗಟ್ಟಿಮುಟ್ಟಾದವರು ಚೇತರಿಸಿಕೊಳ್ಳುತ್ತಾರೆ. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆಯವರು ಆಸ್ಪತ್ರೆ ಸೇರಬೇಕಾಗಬಹುದು.

ಮೊಟ್ಟೆಯ ಖಾದ್ಯ 71 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಕಲಕಿದ ಮೊಟ್ಟೆ ದ್ರವ ಉಳಿಯದಂತೆ ಗಟ್ಟಿಯಾಗುವುದೂ ಹೆಚ್ಚುಕಡಿಮೆ ಅದೇ ಬಿಸಿಗೆ. ಆದ್ದರಿಂದ ಥರ್ಮಾಮೀಟರ್ ಬೇಕಾಗಿಲ್ಲ, ಕಣ್ಣು ಸಾಕು. ದ್ರವ ಮಾಯವಾದ ಕೂಡಲೇ ಒಲೆ ಆರಿಸಿದರೆ ಹಳೆಯ ವೈದ್ಯರು ಬಯಸಿದ ಮೃದುತ್ವವೂ ಸಿಕ್ಕಿತು, ಇಂದಿನ ಸುರಕ್ಷತೆಯೂ ಸಿಕ್ಕಿತು.

ಜಿಮ್‌ಗೆ ಹೋಗುವ ಹುಡುಗರು ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವುದುಂಟು. ಅವರಿಗೆ ಈ ಮಾತು ಹೇಳಿ: 1998ರಲ್ಲಿ ಪ್ರಕಟವಾದ ಬೆಲ್ಜಿಯಂನ ಅಧ್ಯಯನವೊಂದರಲ್ಲಿ ಬೇಯಿಸಿದ ಮೊಟ್ಟೆಯ ಪ್ರೊಟೀನ್ ಶೇ. 91ರಷ್ಟು ಜೀರ್ಣವಾದರೆ, ಹಸಿಯದ್ದು ಶೇ. 51ರಷ್ಟು ಮಾತ್ರ ಜೀರ್ಣವಾಯಿತು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ವಿಟಮಿನ್ ದೇಹಕ್ಕೆ ಸೇರದಂತೆ ತಡೆಯುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ.

ಕೊಳ್ಳುವಾಗ, ಇಡುವಾಗ, ಒಡೆಯುವಾಗ

ಬಿರುಕು ಬಿಟ್ಟ ಮೊಟ್ಟೆ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತಂದ ಕೂಡಲೇ ತೊಳೆದು ಇಡುವವರಿದ್ದಾರೆ. ಹಾಗೆ ಮಾಡಬೇಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಅದರ ಮೇಲೆ ಒಂದು ತೆಳು ರಕ್ಷಣಾ ಪೊರೆ ಇದೆ. ತೊಳೆದರೆ ಪೊರೆ ಹೋಗುತ್ತದೆ, ನೀರಿನೊಂದಿಗೆ ಕೊಳೆ ಒಳಗಿಳಿಯಬಹುದು. ಒಣ ಬಟ್ಟೆಯಿಂದ ಒರೆಸಿ ಇಡಿ. ತೊಳೆಯಲೇಬೇಕಿದ್ದರೆ ಒಡೆಯುವ ಸ್ವಲ್ಪ ಮುಂಚೆ ತೊಳೆಯಿರಿ.

ಫ್ರಿಜ್ ಇದ್ದರೆ ಬಾಗಿಲಿನ ಬದಲು ಒಳಗಿನ ತಟ್ಟಿನಲ್ಲಿಡಿ. ಬಾಗಿಲು ತೆರೆದು ಮುಚ್ಚುವಾಗ ಅಲ್ಲಿ ತಾಪಮಾನ ಏರಿಳಿಯುತ್ತದೆ. ಫ್ರಿಜ್ ಇಲ್ಲದವರು ಬೇಸಿಗೆಯಲ್ಲಿ ಟ್ರೇಗಟ್ಟಲೆ ಕೊಳ್ಳದೆ ಎರಡು ದಿನಕ್ಕೆ ಬೇಕಾದಷ್ಟೇ ಕೊಳ್ಳಿ. ನೀರಿನಲ್ಲಿ ತೇಲುವ ಮೊಟ್ಟೆ ಹಳೆಯದ್ದು ಎಂಬ ಅಜ್ಜಿಯರ ಪರೀಕ್ಷೆ ಸರಿಯಾದದ್ದೇ. ದಿನ ಕಳೆದಂತೆ ಮೊಟ್ಟೆಯೊಳಗಿನ ಗಾಳಿಯ ಜಾಗ ದೊಡ್ಡದಾಗುತ್ತದೆ. ಒಡೆದಾಗ ಕೆಟ್ಟ ವಾಸನೆ ಬಂದರೆ ಎರಡನೇ ಯೋಚನೆ ಬೇಡ, ಎಸೆದುಬಿಡಿ.

ಮೊಟ್ಟೆ ಒಡೆದ ಕೈಯಲ್ಲಿ ನೇರವಾಗಿ ಕೊತ್ತಂಬರಿ ಸೊಪ್ಪು ಹೆಚ್ಚುವುದು, ರೊಟ್ಟಿ ಮುಟ್ಟುವುದು ನಮ್ಮ ಅಡುಗೆಮನೆಗಳಲ್ಲಿ ಸಾಮಾನ್ಯ. ಕೊತ್ತಂಬರಿ ಬೇಯುವುದಿಲ್ಲ, ಆದ್ದರಿಂದ ಕೈಯಲ್ಲಿದ್ದದ್ದು ನೇರ ಹೊಟ್ಟೆಗೆ ಹೋಗುತ್ತದೆ. ಒಡೆದ ಕೂಡಲೇ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಿರಿ. ಚಿಪ್ಪನ್ನು ಕಟ್ಟೆಯ ಮೇಲೆ ಬಿಡದೆ ಕಸದ ಬುಟ್ಟಿಗೆ ಹಾಕಿ, ಕಟ್ಟೆ ಒರೆಸಿ.

ಕಂದು ಮೊಟ್ಟೆಯೋ ಬಿಳಿಯದ್ದೋ ಎಂದು ತಲೆಕೆಡಿಸಿಕೊಳ್ಳಬೇಡಿ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಪೋಷಕಾಂಶದಿಂದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಪ್ಲಾಸ್ಟಿಕ್ ಮೊಟ್ಟೆಯ ಕಥೆಯನ್ನೂ ನಂಬಬೇಡಿ. ಅದು ಕಟ್ಟುಕಥೆ.

ಟಿಫಿನ್ ಡಬ್ಬಿ ಮತ್ತು ಸಹರಿ

ಬೆಳಗ್ಗೆ ಏಳಕ್ಕೆ ಖಾಗೀನಾ ಮಾಡಿ ಮಗುವಿನ ಡಬ್ಬಿಗೆ ತುಂಬಿಸುತ್ತೀರಿ. ಮಗು ಅದನ್ನು ತೆರೆಯುವುದು ಮಧ್ಯಾಹ್ನ ಒಂದಕ್ಕೆ. ನಡುವೆ ಆರು ಗಂಟೆ. ಬೇಯಿಸಿದ ಮೊಟ್ಟೆಯ ಖಾದ್ಯ ಹೊರಗಿನ ತಾಪಮಾನದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಮುಚ್ಚಿದ ಡಬ್ಬಿಯೊಳಗೆ ಏನಾಗುತ್ತದೆಂದು ಯೋಚಿಸಿ. ಮಗುವಿಗೆ ಖಾಗೀನಾವನ್ನು ಮನೆಯಲ್ಲೇ ಬೆಳಗಿನ ತಿಂಡಿಗೆ ಕೊಡಿ, ಡಬ್ಬಿಗೆ ಬೇರೆ ಏನಾದರೂ ಹಾಕಿ. ಉಳಿದ ಖಾಗೀನಾವನ್ನು ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ, ಮರುದಿನದೊಳಗೆ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ.

ರಮಝಾನ್‌ನಲ್ಲಿ ಸಹರಿಗೆ ಖಾಗೀನಾ ಒಳ್ಳೆಯ ಆಯ್ಕೆ. ಪ್ರೊಟೀನ್ ಇರುವುದರಿಂದ ಹಸಿವೆ ನಿಧಾನವಾಗಿ ಬರುತ್ತದೆ. ಆದರೆ ಅಂದು ಉಪ್ಪು ಮತ್ತು ಮೆಣಸು ಎರಡನ್ನೂ ಇನ್ನಷ್ಟು ಕಡಿಮೆ ಮಾಡಿ. ಉಪ್ಪು ಹೆಚ್ಚಾದರೆ ಮಧ್ಯಾಹ್ನಕ್ಕೇ ಬಾಯಾರಿಕೆ ಆರಂಭವಾಗುತ್ತದೆ, ಖಾರ ಹೆಚ್ಚಾದರೆ ಎದೆಯುರಿ.

ಯಾರಿಗೆ ಎಷ್ಟು?

ಆರೋಗ್ಯವಂತ ವಯಸ್ಕರಿಗೆ ದಿನಕ್ಕೊಂದು ಇಡೀ ಮೊಟ್ಟೆ. ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಎಲ್‌ಡಿಎಲ್ ಕೊಲೆಸ್ಟರಾಲ್ ಹೆಚ್ಚಿರುವವರಿಗೆ ವಾರಕ್ಕೆ ಮೂರ್ನಾಲ್ಕು ಇಡೀ ಮೊಟ್ಟೆ ಎಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಉಳಿದ ದಿನ ಬಿಳಿಯಿಂದ ಖಾಗೀನಾ ಮಾಡಿಕೊಳ್ಳಬಹುದು. ನಿಮ್ಮ ವರದಿ ನೋಡುವ ವೈದ್ಯರ ಮಾತೇ ಅಂತಿಮ. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೊಟೀನ್ ಹೆಚ್ಚಿಸುವ ಮೊದಲು ಕೇಳಿಯೇ ತೀರಬೇಕು. ಖಾಗೀನಾಕ್ಕೆ ಮೆಂತ್ಯ ಹಾಕಿದ್ದೇವೆಂದು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಅದು ಆಹಾರ, ಮಾತ್ರೆಯ ಬದಲಿ ಅಲ್ಲ.

ಶಿಶುಗಳಿಗೆ ಆರು ತಿಂಗಳಾದ ಮೇಲೆ, ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿದ ಮೊಟ್ಟೆಯನ್ನು ಉಪ್ಪು, ಖಾರ ಇಲ್ಲದೆ ಸ್ವಲ್ಪಸ್ವಲ್ಪವೇ ಆರಂಭಿಸಬಹುದು. ದದ್ದು, ವಾಂತಿ, ತುಟಿ ಬಾವು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಲ್ಕನೇ ಪಾಲು ಯಾರದ್ದು?

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಂದಿಗೆ ಮೊಟ್ಟೆ ಕೊಡಲು ಸರಕಾರ ಆರಂಭಿಸಿತು. ಕಾರಣ ಆ ಭಾಗದ ಮಕ್ಕಳಲ್ಲಿದ್ದ ಅಪೌಷ್ಟಿಕತೆ ಮತ್ತು ರಕ್ತಹೀನತೆ. ಮರುವರ್ಷ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. ಶಾಲೆಗೆ ಹೋಗುವ ಮಗುವಿಗೆ ಒಂದು ಮೊಟ್ಟೆಯಾದರೂ ಖಾತ್ರಿಯಾಯಿತು. ಆ ಮಗುವಿನ ತಾಯಿಗೆ?

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮೊಟ್ಟೆಯೊಂದರಿಂದಲೇ ಇದು ವಾಸಿಯಾಗುವುದಿಲ್ಲ. ಅದರಲ್ಲಿ ಕಬ್ಬಿಣಾಂಶ ಕಡಿಮೆ, ದೇಹಕ್ಕೆ ಹಿಡಿಯುವುದೂ ಕಷ್ಟ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬೇಕು, ಸೊಪ್ಪು ಬೇಕು, ಮಾಂಸ ಮೀನು ಬೇಕು. ಆದರೆ ರಕ್ತಕ್ಕೆ ಬೇಕಾದ ಪ್ರೊಟೀನ್, ಬಿ12 ಮೊಟ್ಟೆಯಲ್ಲಿದೆ.

ಸುಸ್ತು, ತಲೆಸುತ್ತು, ಕೂದಲುದುರುವಿಕೆ ಎಂದು ಬರುವ ಸಹೋದರಿಯರಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ: "ಈ ವಾರ ನೀವು ಎಷ್ಟು ಮೊಟ್ಟೆ ತಿಂದಿರಿ?" ಮನೆಯಲ್ಲಿ ಎಷ್ಟು ಮಾಡಿದರು, ಮಕ್ಕಳು ಎಷ್ಟು ತಿಂದರು ಎಂಬುದು ಅವರಿಗೆ ಸರಿಯಾಗಿ ನೆನಪಿರುತ್ತದೆ. ತಮ್ಮದು ಕೇಳಿದರೆ ನಗುತ್ತಾರೆ. "ಬಾಣಲೆಯಲ್ಲಿ ಅಂಟಿದ ಮಸಾಲೆಗೆ ರೊಟ್ಟಿ ಒರೆಸಿ ತಿಂದೆ" ಎನ್ನುತ್ತಾರೆ. ಬಾಣಲೆಗೆ ಅಂಟಿಕೊಂಡಿರುವುದು ಬಹುತೇಕ ಎಣ್ಣೆ ಮತ್ತು ಉಪ್ಪು. ಅಂದರೆ ಅಡುಗೆ ಮಾಡಿದವರಿಗೆ ಆ ಖಾದ್ಯದ ಕೆಟ್ಟ ಭಾಗವಷ್ಟೇ ಸಿಗುತ್ತದೆ.

ಆದ್ದರಿಂದ ಪಾಕವಿಧಾನಕ್ಕೆ ಇನ್ನೊಂದು ಹಂತ ಸೇರಿಸಿಕೊಳ್ಳಿ. ಒಲೆ ಆರಿಸಿದ ಕೂಡಲೇ, ಯಾರನ್ನೂ ಊಟಕ್ಕೆ ಕರೆಯುವ ಮೊದಲು, ಖಾಗೀನಾವನ್ನು ಬಾಣಲೆಯಲ್ಲೇ ನಾಲ್ಕು ಭಾಗ ಮಾಡಿ. ಮನೆಯಲ್ಲಿ ಐದು ಜನರಿದ್ದರೆ ಐದು ಮೊಟ್ಟೆ ಒಡೆದು, ಐದು ಭಾಗ. ಅಡುಗೆ ಮಾಡಿದವರ ಪಾಲನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಈ ಲೇಖನ ಓದುವ ಸಹೋದರರಲ್ಲಿ ಒಂದು ಕೋರಿಕೆ: ನಾಳೆ ಬೆಳಗ್ಗೆ ತಟ್ಟೆ ಮುಂದೆ ಕುಳಿತಾಗ, ಮೊದಲ ತುತ್ತಿಗೆ ಮುಂಚೆ ಆ ಬಟ್ಟಲು ಎಲ್ಲಿದೆ ಎಂದು ಕೇಳಿ.